ಬೊಮ್ಮಣ್ಣ ಸತ್ತದ್ದು ಯಾವ ಭಾಷೆಯಲ್ಲಿ

ಹೋದ ತಿಂಗಳು ನನ್ನ ಮೊಬೈಲಿಗೆ ಒಂದು ಫಾರಂ ಬಂತು. ಹದಿನಾಲ್ಕು ಪ್ರಶ್ನೆ. ಜೇಡರ ಹುಳ ಕಂಡರೆ ನಿಮಗೆ ಭಯವೇ? ಕತ್ತಲು, ಗುಹೆ, ಹಾವು, ಇವುಗಳಲ್ಲಿ ಯಾವುದು ಬಂದರೆ ಮನಸ್ಸಿಗೆ ಬೇಜಾರಾಗುತ್ತದೆ? ಯಾರಾದರೂ ಜೋರಾಗಿ ಮಾತಾಡಿದರೆ ಪರವಾಗಿಲ್ಲವೇ? ಹೀಗೇ ಸಲೀಸಾಗಿ ಓದಿಕೊಂಡು ಏಳನೆಯದಕ್ಕೆ ಬಂದರೆ, 'ನಿಮ್ಮ ಪಾತ್ರ ಸಾಯುವುದಕ್ಕೆ ನಿಮ್ಮ ಅಭ್ಯಂತರ ಇದೆಯೇ?' ಅಂತ ಕೇಳಿದ್ದರು. ಕೆಳಗೆ ಟಿಕ್ ಹಾಕೋಕೆ ಮೂರು ಚೌಕ. ಇದೆ. ಇಲ್ಲ. ಮೊದಲು ನನ್ನ ಹತ್ತಿರ ಮಾತಾಡಿ.

ಹಿಂದೂಪುರದ ಒಂದು ಹೈಸ್ಕೂಲಿನಲ್ಲಿ ಇಷ್ಟು ವರ್ಷದಿಂದ ಡ್ರಾಯಿಂಗ್ ಮೇಷ್ಟ್ರಾಗಿರೋ ನನ್ನ ಅಭ್ಯಂತರವನ್ನು ಯಾರೂ ಇಷ್ಟು ವಿನಯದಿಂದ ಕೇಳಿದ್ದಿಲ್ಲ. ಪರೀಕ್ಷೆ ಹತ್ತಿರ ಬಂತು ಅಂತ ನನ್ನ ಪೀರಿಯಡ್ಡನ್ನು ಲೆಕ್ಕದ ಮೇಷ್ಟ್ರು ಕಿತ್ಕೊಳ್ಳೋವಾಗ ಕೇಳಲಿಲ್ಲ. ಕಿಡ್ನಿಯಲ್ಲಿ ಕಲ್ಲು ತೆಗೆಯೋವಾಗ ಡಾಕ್ಟರೂ ಕೇಳಲಿಲ್ಲ. ಒಂದು ಸೈನು ಹಾಕಿಸಿಕೊಂಡು ಒಳಗೆ ತಳ್ಳಿಕೊಂಡು ಹೋದರು, ಅಷ್ಟೇ. ನಮ್ಮನೆಯವಳು ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, "ಇದ್ಯಾವ ಆಸ್ಪತ್ರೆದು ರೀ?" ಅಂದಳು.

"ಆಸ್ಪತ್ರೆದಲ್ಲ ಕಣೇ. ಆಟದ್ದು."

"ಆಟ ಆಡೋಕೂ ಸಾಯ್ಬೇಕಾ?"

"ಅದೇ ನೋಡು, ಈಗ ಸಾಯೋ ಹಂಗಿಲ್ಲವಂತೆ" ಅಂದೆ. ಅವಳು ಕುಕ್ಕರ್ ಕೂಗಿತು ಅಂತ ಒಳಗೆ ಹೋದಳು.

ನಿಮಗೂ ಗೊತ್ತಿಲ್ಲದಿದ್ದರೆ ಹೇಳಿಬಿಡ್ತೀನಿ, ಆಮೇಲೆ ತಲೆ ಕೆಡೋದು ಬೇಡ. ಇದು ಮೇಜಿನ ಸುತ್ತ ಕೂತು ಆಡೋ ಆಟ. ಹಾಸಿಲ್ಲ, ಕಾಯಿಲ್ಲ. ಪ್ರತಿಯೊಬ್ಬನ ಮುಂದೆಯೂ ಒಂದು ಹಾಳೆ, ಅದರ ಮೇಲೆ ಅವನು ಹುಟ್ಟಿಸಿದ ಒಬ್ಬ ಮನುಷ್ಯ: ಕತ್ತಿ ಹಿಡಿದವನೋ, ಕನ್ನ ಹಾಕುವವನೋ, ಮಂತ್ರ ಗೊತ್ತಿರೋನೋ. ಒಬ್ಬ ಮಾತ್ರ ಹಾಳೆ ಇಲ್ಲದೆ ಕೂರ್ತಾನೆ. ಅವನನ್ನು ನಾವು ಯಜಮಾನ ಅಂತಿದ್ವಿ. ಮುಂದೆ ಕೋಟೆ ಇದೆ, ಒಳಗೆ ಸುರಂಗ ಇದೆ, ಏನು ಮಾಡ್ತೀಯ ಅಂತ ಯಜಮಾನ ಕೇಳ್ತಾನೆ. ನೀವು ಇಂಥದ್ದು ಮಾಡ್ತೀನಿ ಅಂತೀರಿ. ಆಗುತ್ತೋ ಇಲ್ಲವೋ ಅನ್ನೋದನ್ನ ದಾಳ ಹೇಳುತ್ತೆ. ಒಟ್ಟಿನಲ್ಲಿ ಮದುವೆಯಾಗಿ ಮಕ್ಕಳಿರೋ ಗಂಡಸರು ಕೂತ್ಕೊಂಡು ಇಲ್ಲದ ಸುರಂಗದೊಳಕ್ಕೆ ಇಲ್ಲದ ದೀವಟಿಗೆ ಹಿಡ್ಕೊಂಡು ಹೋಗಿ, ಬೆವರು ಒರೆಸಿಕೊಂಡು ವಾಪಸ್ ಬರೋ ಆಟ.

ಫಾರಂ ಕಳಿಸಿದ್ದು ನನ್ನ ಅಕ್ಕನ ಮಗಳು ಲಾವಣ್ಯ. ಕಲ್ಯಾಣದುರ್ಗದಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯೋ ಕೆಲಸ ಅವಳದು. ದಿನವೆಲ್ಲ ಜನಕ್ಕೆ ಸೂಜಿ ಚುಚ್ಚೋಳು ಭಾನುವಾರ ತಾನು ನಡೆಸೋ ಆಟದಲ್ಲಿ ಯಾರಿಗೂ ನೋವಾಗಬಾರದು ಅಂತ ಹದಿನಾಲ್ಕು ಪ್ರಶ್ನೆ ಕೇಳ್ತಾಳೆ. ಸಾಯಂಕಾಲ ಅವಳದೇ ಫೋನ್ ಬಂತು.

"ಮಾವ, ಫಾರಂ ತುಂಬ್ದಾ?"

"ಸಾಯೋಕೆ ಅಭ್ಯಂತರ ಇಲ್ಲ ಅಂತ ಹಾಕಿದೀನಿ ಕಣಮ್ಮ. ನಿಮ್ಮಮ್ಮಂಗೆ ಹೇಳ್ಬ್ಯಾಡ, ಗಾಬರಿಯಾಗ್ತಾಳೆ."

"ಭಾನುವಾರ ತಪ್ಪಿಸ್ಬ್ಯಾಡ, ಬಂದ್ಬುಡು. ನಮ್ಮ ಲ್ಯಾಬಿನ ಪದ್ಮ ಬತ್ತಾಳೆ. ಆಮೇಲೆ ಓಬಳೇಶಣ್ಣ ಅಂತ ಒಬ್ರು, ಮೋಟಾರ್ ವೈಂಡಿಂಗ್ ಅಂಗ್ಡಿ ಇಟ್ಟವ್ರೆ. ಲ್ಯಾಬಿನ ನೀರಿನ ಮೋಟಾರು ಸುಟ್ಟೋಗಿತ್ತು, ಅವ್ರ ಹತ್ರ ತಗೊಂಡೋಗಿದ್ದೆ. ನನ್ನ ಕೀ ಬಂಚಲ್ಲಿ ದಾಳ ನೋಡಿ, ಇದು ಇಪ್ಪತ್ತು ಮುಖದ್ದಲ್ವೇನಮ್ಮ ಅಂದ್ರು! ಹಿಂದೂಪುರದಾಗೆ ಆಡ್ತಿದ್ದೆ ಅಂದ್ರು. ನಿಂಗೆ ಗೊತ್ತಾ ಮಾವ?"

ನಾನು ಬಾಯಿ ತೆಗೆಯೋಕೆ ಮುಂಚೆ ಅವಳೇ ಮುಂದುವರಿಸಿದಳು. "ಪಾಪ, ಒಳ್ಳೆಯೋರು. ಆದ್ರೆ ಫಾರಂನಾಗೆ ಆಟದಲ್ಲಿ ಏನು ಬರಬಾರದು ಅಂತ ಕೇಳಿದ್ನಲ್ಲ, ಅದಕ್ಕೆ 'ಬಾಗಿಲು' ಅಂತ ಬರ್ದವ್ರೆ. ಬಾಗಿಲಿಲ್ದೆ ಕೋಟೆ ಹೆಂಗ್ ಕಟ್ಲಿ ಮಾವ?"

ಓಬಳೇಶ ನನಗೆ ಗೊತ್ತಾ ಅಂತ ಕೇಳ್ತಾಳಲ್ಲ! ಒಂದು ಕಾಲದಲ್ಲಿ ಅವನಷ್ಟು ಹತ್ತಿರದ ಸ್ನೇಹಿತ ನನಗೆ ಇನ್ನೊಬ್ಬ ಇರಲಿಲ್ಲ. ನನ್ನ ಮದುವೆಯಲ್ಲಿ ಜನರೇಟರ್ ಕೆಟ್ಟಾಗ ಹೊಸ ಪಂಚೆ ಕಟ್ಟಿಕೊಂಡೇ ಅದರ ಕೆಳಗೆ ತೂರಿಕೊಂಡವನು. ಅವನು ನನ್ನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ. ಕಾರಣ ಏನು ಅಂತ ಯಾರಾದರೂ ಕೇಳಿದರೆ ಆಸ್ತಿ ಜಗಳವೇನೋ, ಹೆಣ್ಣು ಕೊಡೋ ತರೋ ವಿಷಯವೇನೋ ಅಂದ್ಕೋತಾರೆ. ನಿಜ ಹೇಳೋಕೆ ನನಗೇ ನಾಚಿಕೆ. ನಾನು ಯಜಮಾನನಾಗಿದ್ದಾಗ ಆಟದಲ್ಲಿ ಅವನ ಬೊಮ್ಮಣ್ಣ ಅನ್ನೋ ಕಳ್ಳನನ್ನು ಸಾಯಿಸಿಬಿಟ್ಟೆ. ಬಾಗಿಲ ಮುಂದೆ. ಈಗ ಭಾನುವಾರ ಅದೇ ಓಬಳೇಶನ ಎದುರಿಗೆ ಕೂರಬೇಕು. ಅವನು ಮುಖ ಕೊಟ್ಟು ಮಾತಾಡ್ತಾನೋ ಇಲ್ಲವೋ, ಮಾತಾಡಿದರೆ ನಾನು ಹನ್ನೊಂದು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿರೋದನ್ನ ಹೇಳ್ತೀನೋ ಇಲ್ಲವೋ, ಅದೇ ನನ್ನ ಸಂಕಟ. ಫಾರಂನ ಹದಿನಾಲ್ಕು ಪ್ರಶ್ನೆಯಲ್ಲಿ ಇದಕ್ಕೆ ಮಾತ್ರ ಚೌಕ ಇರಲಿಲ್ಲ.

ನಮ್ಮ ಆಟ ನಡೀತಿದ್ದದ್ದು ಹಿಂದೂಪುರದಲ್ಲಿ, ರಹಮತ್ ಭಾಯಿಯ ಟೈಲರ್ ಅಂಗಡಿಯಲ್ಲಿ. ಭಾನುವಾರ ಮಧ್ಯಾಹ್ನ ಅರ್ಧ ಷಟರ್ ಇಳಿಸಿ, ಬಟ್ಟೆ ಕತ್ತರಿಸೋ ಮೇಜಿನ ಸುತ್ತ ಕೂರ್ತಿದ್ವಿ. ನಾನು ಆ ಮೇಜಿನ ಮೇಲೆ ರಹಮತ್ ಭಾಯಿಯ ಸೀಮೆಸುಣ್ಣದಲ್ಲೇ ಸುರಂಗ ಬಿಡಿಸ್ತಿದ್ದೆ. ಸೋಮವಾರ ಬೆಳಿಗ್ಗೆ ಯಾರದ್ದೋ ಪ್ಯಾಂಟಿನ ಬಟ್ಟೆಗೆ ನನ್ನ ಸುರಂಗ ಅಂಟಿಕೊಂಡು ಹೋಗೋದು. ನಿಯಮದ ಪುಸ್ತಕ ಅಂದ್ರೆ ರಹಮತ್ ಭಾಯಿಯ ಷಡ್ಡಕ ಎಲ್ಲಿಂದಲೋ ತಂದುಕೊಟ್ಟ ಜೆರಾಕ್ಸು, ಅದೂ ಜೆರಾಕ್ಸಿನ ಜೆರಾಕ್ಸು. ಮೂವತ್ತೊಂದನೇ ಪುಟದಿಂದ ಮೂವತ್ತೆಂಟರವರೆಗೆ ಇರಲೇ ಇಲ್ಲ. ಗಾಯ ವಾಸಿ ಮಾಡೋದು ಹೇಗೆ ಅನ್ನೋದು ಆ ಎಂಟು ಪುಟದಲ್ಲೇ ಇತ್ತು ಅಂತ ಕಾಣ್ತದೆ. ಹಾಗಾಗಿ ನಮ್ಮ ಹಿಂದೂಪುರದಲ್ಲಿ ಗಾಯ ಆದವನು ವಾಸಿಯಾಗ್ತಾನೆ ಅನ್ನೋ ಪದ್ಧತಿಯೇ ಇರಲಿಲ್ಲ.

ಇಪ್ಪತ್ತು ಮುಖದ ದಾಳ ನಾವು ಕಣ್ಣಲ್ಲಿ ನೋಡಿರಲಿಲ್ಲ. ಹೌಸಿ ಆಟದ ಬಿಲ್ಲೆಗಳಲ್ಲಿ ಒಂದರಿಂದ ಇಪ್ಪತ್ತು ಆರಿಸಿ ಚೀಲಕ್ಕೆ ಹಾಕಿದ್ವಿ. ಚೀಲ ರಹಮತ್ ಭಾಯಿ ಹೊಲಿದದ್ದು, ರವಿಕೆ ಕಣದ್ದು, ಬಾಯಿಗೆ ಲಾಡಿ. ಅದರೊಳಗೆ ಕೈ ಹಾಕಿ ಬಿಲ್ಲೆ ತೆಗೆಯೋದು, ಅದರ ಮೇಲಿನ ನಂಬರ್ ನೋಡಿ ಸಾಯೋದು. ಪ್ರಾಣ ಅಂತ ಒಬ್ಬೊಬ್ಬನಿಗೆ ಮೂರೋ ನಾಲ್ಕೋ ಅಂಕ ಇರೋದು. ಬೆಕ್ಕು ಪರಚಿದರೆ ಎರಡು ಹೋಯ್ತು. ರಹಮತ್ ಭಾಯಿಯ ಒಬ್ಬ ಮನುಷ್ಯ ಸುರಂಗದಲ್ಲಿ ಸಿಕ್ಕ ಗಡಿಗೆಯಿಂದ ನೀರು ಕುಡಿದು ಸತ್ತ. ಇನ್ನೊಬ್ಬ ಅವನು ಯಾಕೆ ಸತ್ತ ಅಂತ ನೋಡೋಕೆ ಅದೇ ಗಡಿಗೆ ಮೂಸಿ ಸತ್ತ. ಮತ್ತೊಬ್ಬ ಸುರಂಗದವರೆಗೂ ಬರಲಿಲ್ಲ, ಮೆಟ್ಟಿಲಿಳಿಯೋವಾಗಲೇ ಜಾರಿದ. ಅವತ್ತು ಟೀ ಕೂಡ ಬಂದಿರಲಿಲ್ಲ.

ಇಷ್ಟು ಬೇಗ ಬೇಗ ಸಾಯೋರಿಗೆ ಹೆಸರಿಟ್ಟು ಏನು ಪ್ರಯೋಜನ ಹೇಳಿ? ಅದಕ್ಕೆ ನಾವು ಒಂದು ಶಾಸ್ತ್ರ ಮಾಡಿಕೊಂಡಿದ್ವಿ. ಮೂರು ಭಾನುವಾರ ಬದುಕಿದವನಿಗೆ ಮಾತ್ರ ಹೆಸರು. ಅಲ್ಲಿಯವರೆಗೆ ರಹಮತ್ ಒಂದು, ರಹಮತ್ ಎರಡು, ಅಷ್ಟೇ. ಮೂರನೇ ಭಾನುವಾರ ಪಾರಾದರೆ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಿಂದ ಉಗ್ಗಾಣಿ ಬಜ್ಜಿ ತರಿಸಿ ನಾಮಕರಣ. ರಹಮತ್ ಭಾಯಿ ಹತ್ತೊಂಬತ್ತರವರೆಗೆ ಬಂದ. ಒಬ್ಬನಿಗೂ ಹೆಸರಿಡೋ ಯೋಗ ಬರಲಿಲ್ಲ. "ನಂಗೇನ್ ಬೇಜಾರಿಲ್ಲ ಮೇಷ್ಟ್ರೇ, ಅಳತೆ ಒಂದೇ, ಬಟ್ಟೆ ಬೇರೆ" ಅಂತ ಇಪ್ಪತ್ತನೆಯವನನ್ನು ಬರೆಯೋಕೆ ಕೂರೋನು.

ಆಡೋರು ಇಷ್ಟು ಹೆದರಿದ್ದರಲ್ಲ, ಅವರ ಸಾಹಸ ಹೇಗಿರೋದು ಅಂತ ಊಹಿಸಿ. ಎಲ್ಲರ ಕೈಯಲ್ಲೂ ಹತ್ತಡಿ ಗಳ. ಆ ಗಳದಿಂದ ನೆಲ ತಟ್ಟೋರು, ಗೋಡೆ ತಟ್ಟೋರು, ಚಾವಣಿ ತಟ್ಟೋರು. ಒಂದು ಓಣಿ ದಾಟೋಕೆ ಒಂದು ಮಧ್ಯಾಹ್ನ ಬೇಕಾಗೋದು. ರಾಜಕುಮಾರಿಯನ್ನು ಬಿಡಿಸೋಕೆ ಹೊರಟವರು ಎಂಟು ವಾರ ನೆಲ ತಟ್ಟಿ ಅವಳ ಕೋಣೆ ಮುಟ್ಟೋ ಹೊತ್ತಿಗೆ ಅವಳಿಗೆ ಬೇರೆ ಕಡೆ ಮದುವೆಯಾಗಿತ್ತು ಅಂತ ನಾನೇ ಕಥೆ ತಿರುಗಿಸಬೇಕಾಯ್ತು. ಆದರೂ ಇದನ್ನ ನಾವು ಗಂಡೆದೆಯ ಆಟ ಅಂತ ಕರ್ಕೋತಿದ್ವಿ.

ನಾನು ಯಾಕೆ ಅಷ್ಟು ಕಟುಕ ಯಜಮಾನನಾಗಿದ್ದೆ ಅಂತ ಯೋಚಿಸಿದರೆ ಚಿಲಮತ್ತೂರಿನ ನಮ್ಮಜ್ಜಿ ನೆನಪಾಗ್ತಾಳೆ. ಬೇಸಿಗೆ ರಜೆಯಲ್ಲಿ ಪಡಸಾಲೆಯ ಬಂಡೆ ಮೇಲೆ ಇದ್ದಿಲಲ್ಲಿ ಗೀಚಿಕೊಂಡು ನನ್ನ ಜೊತೆ ಚೌಕಾಬಾರ ಆಡೋಳು. ತೇಯ್ದ ಹುಣಿಸೆ ಬೀಜವೇ ದಾಳ, ಬಳೆಚೂರು ಕಾಯಿ. ನಾನು ತಪ್ಪು ಕಾಯಿ ನಡೆಸಿ ವಾಪಸ್ ತಗೊಳ್ಳೋಕೆ ಹೋದರೆ ಮೊಣಕೈ ಮೇಲೆ ಒಂದು ಬಿಡೋಳು. "ಮುಟ್ಟಿದ್ದು ಮುಟ್ಟಿದ್ದೇ ಕಣ್ಲಾ, ಬುಡು!" ನಾನು ಅಳ್ತಾ ಕೂತರೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿ, ನನ್ನ ಕಾಯಿಯನ್ನು ನಗ್ತಾ ನಗ್ತಾ ಹೊಡೆಯೋಳು. ತಾನು ಸೋಲೋ ಹಾಗಾದಾಗ ಮಾತ್ರ ಅವಳ ಸೆರಗು ಅದೇನೋ ಆಕಸ್ಮಿಕವಾಗಿ ಮನೆಗಳ ಮೇಲೆ ಹಾದುಹೋಗೋದು, ಕಾಯೆಲ್ಲ ಕಲೆಸಿಹೋಗೋವು. ಅಜ್ಜಿಯ ನಿಯಮ ನಾನು ಕಲಿತೆ, ಬೆಲ್ಲ ಕೊಡೋದು ಕಲೀಲಿಲ್ಲ. ನನ್ನ ಮೇಜಿನ ನಿಯಮ ಒಂದೇ ಆಗಿತ್ತು: ಬಾಯಿಂದ ಬಂದದ್ದು ಬಂತು. ಆಮೇಲೆ ಹಾಗಲ್ಲ ಹೀಗೆ ಅನ್ನೋ ಹಾಗಿಲ್ಲ. ಕ್ಲಾಸಿನಲ್ಲಿ ಹುಡುಗರು ನನ್ನ ಮಾತಿಗೆ ಮೂರು ಕಾಸಿನ ಬೆಲೆ ಕೊಡ್ತಿರಲಿಲ್ಲವಲ್ಲ, ಆ ಕಡಮೆಯನ್ನು ಭಾನುವಾರ ಟೈಲರ್ ಅಂಗಡಿಯಲ್ಲಿ ತುಂಬಿಕೊಳ್ತಿದ್ದೆ.

ಓಬಳೇಶ ಆಗ ಹಿಂದೂಪುರದಲ್ಲೇ ಇದ್ದ. ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ನಾವೆಲ್ಲ ಅಷ್ಟೇ ಬಿಡಿ. ನಮ್ಮ ಕಡೆ ಒಂದು ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿಯುತ್ತೆ. ಅವನ ಕಳ್ಳ ಮಾತ್ರ ಸಾಯಲಿಲ್ಲ. ಮೂರು ಭಾನುವಾರ ದಾಟಿ ಬೊಮ್ಮಣ್ಣ ಅಂತ ಹೆಸರಾಯ್ತು. ಮೂರು ತಿಂಗಳಾಯ್ತು, ಮೂರು ವರ್ಷವಾಯ್ತು, ಆರು ವರ್ಷವಾಯ್ತು. ಓಬಳೇಶ ಅಷ್ಟು ಎಚ್ಚರದಿಂದ ಆಡೋನು. ಬೊಮ್ಮಣ್ಣನಿಗೆ ಒಂದು ಚಿತ್ರ ಬೇಕು ಅಂತ ನನ್ನ ಬೆನ್ನು ಬಿದ್ದ. ಬಿಡಿಸಿಕೊಟ್ಟೆ: ಮೂಗಿನ ತುದಿ ಸ್ವಲ್ಪ ಸೊಟ್ಟ, ಒಂದು ಕಿವಿಗೆ ಒಂಟಿ, ಕಣ್ಣಲ್ಲಿ ಓಬಳೇಶನದೇ ಕಳ್ಳನಗು. ಅದನ್ನು ಅವನು ತನ್ನ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದ. ಯಾರ ಮೋಟಾರು ಬಿಚ್ಚೋಕೆ ಕೂತರೂ ಮೊದಲು ಬೊಮ್ಮಣ್ಣನ ಮುಖ ನೋಡಿಯೇ ಸ್ಪ್ಯಾನರ್ ತೆಗೆಯೋನು.

ಇನ್ನು ಆ ಬಾಗಿಲು. ಮೂರು ಭಾನುವಾರ ಕೂತು ಗ್ರಾಫ್ ಹಾಳೆ ಮೇಲೆ ನಾನು ಒಂದು ಬಾಗಿಲು ಮಾಡಿದ್ದೆ. ತಟ್ಟಿದರೆ ಏನೂ ಆಗಲ್ಲ, ಬೀಗ ತೆಗೆದರೂ ಆಗಲ್ಲ, ಸುಮ್ಮನೆ ಬಿಟ್ಟು ಹೋದರಂತೂ ಏನೂ ಇಲ್ಲ. ಒದ್ದರೆ ಮಾತ್ರ ಮೇಲಿನ ಚಾವಣಿಯ ಬಂಡೆ ಒಟ್ಟಿಗೇ ಬೀಳ್ತದೆ. ಕಲ್ಲಿನ ಒಂದೊಂದು ಸಂದಿಗೂ ನೆರಳು ಕೊಟ್ಟು ಬಿಡಿಸಿದ್ದೆ. ಅಂಥ ಚೆಂದದ ಚಾವಣಿ ನಾನು ಅದಕ್ಕೆ ಮುಂಚೆ ಬಿಡಿಸಿಲ್ಲ, ಆಮೇಲೂ ಬಿಡಿಸಿಲ್ಲ. ಆದರೆ ಇವರೋ ಹತ್ತಡಿ ಗಳದ ಜನ. ಒದೆಯೋ ಪೈಕಿ ಒಬ್ಬನೂ ಅಲ್ಲ. ನನ್ನ ಚಾವಣಿ ಬೀಳದೇ ಹಾಗೇ ಉಳಿದುಬಿಡುತ್ತಲ್ಲ ಅಂತ ನನಗೆ ವಾರವೆಲ್ಲ ಹೊಟ್ಟೆಯುರಿ.

ಅವತ್ತು ಬೊಮ್ಮಣ್ಣನೇ ಮುಂದೆ ಇದ್ದ. "ಬಾಗಿಲು ಮುಚ್ಚೈತೆ. ಏನ್ ಮಾಡ್ತೀಯ?" ಅಂತ ಕೇಳಿದೆ. ಓಬಳೇಶನ ಬಾಯಿ ತುಂಬ ಮೆಣಸಿನಕಾಯಿ ಬಜ್ಜಿ. ತಲೆ ಅಲ್ಲಾಡಿಸಿಕೊಂಡು ಒಂದೇ ಒಂದು ಮಾತಂದ.

"ಒದ್ದು."

ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳ್ತೀನಿ. ಕನ್ನಡದಲ್ಲಿ ಒದ್ದು ಅಂದರೆ ಕಾಲೆತ್ತಿ ಒದ್ದು ಒಳಗೆ ಹೋಗ್ತೀನಿ ಅಂತ. ತೆಲುಗಿನಲ್ಲಿ ನಮ್ಮ ಜನ ಒದ್ದು ಅಂದರೆ ಬೇಡ ಅಂತ. ಎರಡೂ ಬಾಯಲ್ಲಿ ಒಂದೇ ಥರ ಬರ್ತವೆ. ಒಂದು ಒದೆತ, ಒಂದು ಬೇಡ. ಮಧ್ಯೆ ಬೊಮ್ಮಣ್ಣ.

"ಒದ್ದೆ. ಚಾವಣಿ ಬಿತ್ತು. ಬಿಲ್ಲೆ ತೆಗಿ, ಹನ್ನೆರಡರ ಮೇಲೆ ಬಂದ್ರೆ ಉಳೀತೀಯ" ಅಂತ ಚೀಲ ಮುಂದೆ ನೂಕಿದೆ. ಓಬಳೇಶ ಬಜ್ಜಿ ನುಂಗಿ ಎದ್ದು ನಿಂತ. "ಏ ಏ ಏ, ತೆಲುಗು ರಾ ಅದಿ! ಒದ್ದು ಅಂಟೆ ಬ್ಯಾಡ ಅಂತ! ನಾನ್ಯಾಕ್ಲಾ ಒದೀಲಿ!" ರಹಮತ್ ಭಾಯಿ, "ಬಿಡಿ ಮೇಷ್ಟ್ರೇ, ತೆಲುಗಲ್ಲೇ ಅಂದಿರೋದು" ಅಂದ. ನಾನು ಕೇಳಬೇಕಲ್ಲ! ಡ್ರಾಯಿಂಗ್ ಮೇಷ್ಟ್ರು ಇದ್ದಕ್ಕಿದ್ದ ಹಾಗೆ ವ್ಯಾಕರಣದ ಪಂಡಿತನಾಗಿಬಿಟ್ಟೆ. ಯಜಮಾನ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಉತ್ತರವೂ ಕನ್ನಡದ್ದೇ ಅಂತ ತಿಳಿಯಬೇಕು ಅಂದೆ. ಬಾಯಿಂದ ಬಂದದ್ದು ಬಂತು ಅಂದೆ. ಅವನು ಚೀಲಕ್ಕೆ ಕೈ ಹಾಕಿ ಬಿಲ್ಲೆ ತೆಗೆದ. ನಾಲ್ಕು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಅರ್ಧ ಷಟರ್ ಕೆಳಗೆ ಬಗ್ಗಿ ಆಚೆ ಹೋದವನು ಮತ್ತೆ ಬರಲಿಲ್ಲ. ಆರು ತಿಂಗಳಿಗೆ ಕಲ್ಯಾಣದುರ್ಗಕ್ಕೆ ಹೋಗಿ ಅಂಗಡಿ ಹಾಕಿಕೊಂಡ. ಒಂದು ಫೋನಿಲ್ಲ. ಅವನಿಲ್ಲದ ಮೇಲೆ ನಮ್ಮ ಭಾನುವಾರಗಳೂ ನಿಂತುಹೋದವು.

ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀನಿ ಅಂದೆನಲ್ಲ, ಅದು ಇದು. ಅವನು ಅಂದದ್ದು ಬೇಡ ಅಂತಲೇ ಅಂತ ನನಗೆ ಆ ಕ್ಷಣವೇ ಗೊತ್ತಿತ್ತು. ಬಾಯಲ್ಲಿ ತಿಂಡಿ ಇದ್ದರೆ ಅವನಿಗೆ ತೆಲುಗೇ ಬರೋದು. ಮೇಲಾಗಿ ತಲೆ ಬೇರೆ ಅಲ್ಲಾಡಿಸಿದ್ದ. ಗೊತ್ತಿದ್ದೂ ಕೆಡವಿದೆ. ನಿಯಮವೂ ಇಲ್ಲ, ನ್ಯಾಯವೂ ಇಲ್ಲ. ನನ್ನ ಚಾವಣಿ ಬೀಳೋದನ್ನ ನಾನು ನೋಡಬೇಕಾಗಿತ್ತು.

ಭಾನುವಾರ ಬಂತು. ಕಲ್ಯಾಣದುರ್ಗದ ಅಕ್ಕನ ಮನೆಗೆ ಹೋದೆ. ಅಂಗಳದ ಬೇವಿನ ಮರದ ಕೆಳಗೆ ಲಾವಣ್ಯ ಮೇಜು ಹಾಕಿದ್ದಳು. ಮೇಜಿನ ಮೇಲೆ ಬಣ್ಣಬಣ್ಣದ ದಾಳ, ಗಾಜಿನವು, ಪದ್ಮನ ಬಳೆಗಿಂತ ಚೆನ್ನಾಗಿದ್ದವು. ನಡುವೆ ಒಂದು ಕೆಂಪು ಕಾರ್ಡು. "ಮನಸ್ಸಿಗೆ ಕಷ್ಟ ಆದ್ರೆ ಇದನ್ನ ಮುಟ್ಟಿ, ಯಾಕೆ ಅಂತ ಕೇಳಲ್ಲ, ಅಲ್ಲಿಗೇ ಬಿಟ್ಟು ಮುಂದಕ್ಕೋಗ್ತೀವಿ" ಅಂದಳು. ನನಗೆ ನಮ್ಮ ಸ್ಟಾಫ್ ರೂಮಿನಲ್ಲಿ ಅಂಥದ್ದೊಂದು ಇದ್ದಿದ್ದರೆ ಅನ್ನಿಸಿತು. ಓಬಳೇಶ ಆಗಲೇ ಬಂದು ಕೂತಿದ್ದ. ಕೂದಲು ಬೆಳ್ಳಗಾಗಿದೆ, ಹೊಟ್ಟೆ ಬಂದಿದೆ. ನನ್ನ ನೋಡಿ ಎದ್ದು ಕೈ ಮುಗಿದ. "ನಮಸ್ಕಾರ ಸಾರ್. ಚೆನ್ನಾಗಿದೀರಾ?" ಅಂದ. ಅವನು ಬೈದಿದ್ದರೆ ನನಗೆ ಅಷ್ಟು ನೋವಾಗ್ತಿರಲಿಲ್ಲ.

ಹೊಸಕಾಲದ ಆಟ ಹೇಗಿರುತ್ತೆ ಅಂತ ಆವತ್ತು ಗೊತ್ತಾಯ್ತು. ಯಜಮಾನ ಅನ್ನೋ ಮಾತೇ ಇಲ್ಲ. ಲಾವಣ್ಯ ಬರೀ 'ನಡೆಸಿಕೊಡೋಳು', ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿಯೋರ ಹಾಗೆ. ಪಾತ್ರ ಹುಟ್ಟೋಕೆ ಮುಂಚೆಯೇ ಅದಕ್ಕೆ ಹೆಸರು, ಕುಲಗೋತ್ರ, ಇಷ್ಟದ ತಿಂಡಿ, ಚಿಕ್ಕಂದಿನಲ್ಲಿ ಆದ ಒಂದು ದುಃಖ. ಪದ್ಮನ ಮಂತ್ರಗಾತಿಗೆ ಒಂಬತ್ತು ಪುಟದ ಹಿನ್ನೆಲೆ. ನನಗೆ ಹೆಣ್ಣು ನೋಡೋಕೆ ಹೋದಾಗ ನಮ್ಮಪ್ಪ ಕೇಳಿದ್ದು ಎರಡೇ ಪ್ರಶ್ನೆ. ನಮ್ಮ ಕಾಲದ ಪಾತ್ರಕ್ಕೆ ಹಿನ್ನೆಲೆ ಬರೆಯೋಕೆ ಹೋಗಿದ್ದರೆ ಬರೆದು ಮುಗಿಯೋಕೆ ಮುಂಚೆ ಅದು ಸತ್ತಿರೋದು.

ಪ್ರಾಣ ಇವರಿಗೆಲ್ಲ ನಲವತ್ತು, ಐವತ್ತು. ಅದೂ ಮುಗಿದರೆ ಸಾಯಲ್ಲ, 'ಮಲಗ್ತಾರೆ'. ಮಲಗಿದವನಿಗೆ ಏಳೋಕೆ ಮೂರು ಅವಕಾಶ. ಅದೂ ತಪ್ಪಿದರೆ ಪಕ್ಕದವನು ಒಂದು ಸೀಸೆ ಮದ್ದು ಬಾಯಿಗೆ ಬಿಟ್ಟರೆ ಎದ್ದು ಕೂತು ಊಟ ಕೇಳ್ತಾನೆ. ರಾತ್ರಿ ನಿದ್ದೆ ಮಾಡಿ ಎದ್ದರೆ ಗಾಯವೆಲ್ಲ ಮಾಯ. ನನ್ನ ಕತ್ತಿಯಾಳು ಒಂದು ಗಂಟೆಯೊಳಗೆ ಎರಡು ಸಲ ಮಲಗಿ ಎದ್ದ. ರಹಮತ್ ಭಾಯಿಯ ಸತ್ತ ಹತ್ತೊಂಬತ್ತು ಜನ ಮೇಲಿನಿಂದ ಇದನ್ನ ನೋಡಿ ಏನಂದ್ಕೊಂಡರೋ! "ಇದೇನಮ್ಮ, ಇಲ್ಲಿ ಸಾಯೋಕೆ ಲಂಚ ಕೊಡ್ಬೇಕಾ?" ಅಂತ ಕೇಳಿದೆ. ಪದ್ಮ ನಕ್ಕಳು. ಓಬಳೇಶ ತನ್ನ ಹಾಳೆ ನೋಡ್ತಾ ಕೂತಿದ್ದ.

ಹುಡುಗಿ ಓಬಳೇಶನ ಫಾರಂ ಮರೆತಿರಲಿಲ್ಲ, ಬಾಗಿಲು ಅನ್ನೋದನ್ನೇ ಇಡದೆ ಇಡೀ ಕೋಟೆ ಕಟ್ಟಿದ್ದಳು. ಎಲ್ಲ ಕಡೆ ಪರದೆ. ಕಾವಲುಗಾರರು ಪರದೆ ಕಾಯ್ತಾ ಇದ್ದರು. ಖಜಾನೆಗೂ ಪರದೆ. ನಾನು ಹಾಸ್ಯ ಮಾಡೋಣ ಅಂತ ಬಾಯಿ ತೆಗೆದು, ಓಬಳೇಶನ ಕಡೆ ನೋಡಿ ಮುಚ್ಚಿಕೊಂಡೆ.

ಹೀಗೆ ಪರದೆಯಿಂದ ಪರದೆಗೆ ಹೋಗ್ತಾ ಹೋಗ್ತಾ ಒಂದು ಕಡೆ ಲಾವಣ್ಯ, "ದಾರಿಗಡ್ಡ ಒಂದು ದೊಡ್ಡ ಮಡಕೆ ಐತೆ. ಬಾಯಿಗೆ ಬಟ್ಟೆ ಕಟ್ಟವ್ರೆ. ಪದ್ಮ, ಏನ್ ಮಾಡ್ತೀಯ?" ಅಂದಳು.

ಪದ್ಮ ಒಂದು ಕ್ಷಣ ಯೋಚಿಸಿ, "ಒದ್ದು" ಅಂದಳು.

ನನ್ನ ಕಿವಿ ಬಿಸಿಯಾಯ್ತು. ಓಬಳೇಶನ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು.

ಲಾವಣ್ಯ ತಲೆಯೂ ಎತ್ತದೆ ಕೇಳಿದಳು. "ಯಾವ ಒದ್ದು? ಕನ್ನಡದ್ದಾ, ತೆಲುಗುದಾ?"

"ತೆಲುಗುದು ಕಣೇ. ಅದರ ಸಾವಾಸ ನಂಗ್ಬ್ಯಾಡ."

"ಸರಿ, ಮುಂದಕ್ಕೋಗು."

ಅಷ್ಟೇ. ಒಂದು ಗುಟುಕು ನೀರು ಕುಡಿಯೋಷ್ಟು ಹೊತ್ತೂ ಆಗಲಿಲ್ಲ. ಕೆಂಪು ಕಾರ್ಡು, ಫಾರಂ, ಒಂಬತ್ತು ಪುಟ, ಎಲ್ಲವನ್ನೂ ಬೆಳಿಗ್ಗೆಯಿಂದ ಆಡಿಕೊಂಡು ನಕ್ಕಿದ್ದೆನಲ್ಲ, ಈ ಒಂದು ಪ್ರಶ್ನೆಗೆ ನಗೋಕೆ ನನಗೆ ಏನೂ ಸಿಗಲಿಲ್ಲ. ಅವತ್ತು ಟೈಲರ್ ಅಂಗಡಿಯಲ್ಲಿ ನಾನು ಇದನ್ನ ಕೇಳಬಹುದಾಗಿತ್ತು. ಕೇಳಲಿಲ್ಲ, ಯಾಕಂದರೆ ಉತ್ತರ ನನಗೆ ಬೇಕಾಗಿರಲಿಲ್ಲ.

ಅಕ್ಕ ಟೀ ತಂದಳು. ಹುಡುಗಿಯರು ಬಜ್ಜಿಗೆ ಮೆಣಸಿನಕಾಯಿ ಸೀಳೋಕೆ ಒಳಗೆ ಹೋದರು. ಮರದ ಕಟ್ಟೆ ಮೇಲೆ ನಾವಿಬ್ಬರೇ ಕೂತ್ವಿ. ನಾನು ಲೋಟ ಪಕ್ಕಕ್ಕಿಟ್ಟೆ.

"ಓಬಳೇಶ, ಒಂದು ಮಾತು ಹೇಳ್ತೀನಿ. ಅವತ್ತು ನೀನಂದಿದ್ದು ತೆಲುಗು ಒದ್ದು ಅಂತ ನಂಗೆ ಗೊತ್ತಿತ್ತು ಕಣ್ಲಾ. ಗೊತ್ತಿದ್ದೇ ಕೆಡವಿಬುಟ್ಟೆ."

ಅವನು ಟೀಯನ್ನು ಊದಿ ಊದಿ ಒಂದು ಗುಟುಕು ಕುಡಿದ. ಆಮೇಲೆ ಮೆಲ್ಲಗೆ, "ತೆಲುಗು ಅಲ್ಲ ಅದು" ಅಂದ.

"ಏನು?"

"ಕನ್ನಡಾನೇ. ಒದೆಯೋಕೇ ಅಂದಿದ್ದು. ಆರು ವರ್ಷದಿಂದ ಗಳ ಹಿಡ್ಕಂಡು ತಟ್ಟಿ ತಟ್ಟಿ ಸಾಕಾಗಿತ್ತು ನಂಗೆ, ಒಂದ್ಸಲ ಒದ್ದು ನೋಡಾನಾ ಅನ್ನಿಸ್ತು. ನೀನು ಚಾವಣಿ ಬಿತ್ತು ಅಂದ್ಯಲ್ಲ, ತಕ್ಷಣ ತೆಲುಗು ನೆಪ್ಪಾಯ್ತು."

"ಮತ್ತೆ ತಲೆ ಅಲ್ಲಾಡ್ಸಿದ್ದು?"

"ಮೆಣಸಿನಕಾಯಿ ಖಾರ ಇತ್ತಲ್ಲಪ್ಪ!"

ನನಗೆ ಅದೆಲ್ಲಿತ್ತೋ ಸಿಟ್ಟು ಬಂದುಬಿಡ್ತು. ಹನ್ನೊಂದು ವರ್ಷ ನಾನು ಕೊಲೆ ಮಾಡಿದವನ ಹಾಗೆ ಒದ್ದಾಡಿದ್ದೀನಿ, ಇವನು ಸರಿಯಾಗಿ ಒದ್ದು, ಸರಿಯಾಗಿ ಸತ್ತು, ನನ್ನ ಮೇಲೆ ಮುನಿಸಿಕೊಂಡು ಕೂತಿದ್ದಾನೆ! "ಥೂ ನಿನ್ನ! ನೀನೇ ಒದ್ದು ನೀನೇ ಸತ್ತ ಮೇಲೆ ಯಾತಕ್ಲಾ ಮಾತು ಬುಟ್ಟೆ? ಹನ್ನೊಂದು ವರ್ಷ ಕಣ್ಲಾ!" ಅಂತ ಕೂಗಿದೆ. ಒಳಗಿಂದ ಅಕ್ಕ, "ಏನ್ರಪ್ಪಾ ಅದು?" ಅಂದಳು. ನಾವಿಬ್ಬರೂ ಒಟ್ಟಿಗೇ, "ಏನಿಲ್ಲಕ್ಕಾ" ಅಂದ್ವಿ.

ಓಬಳೇಶ ಲೋಟ ಕೆಳಗಿಟ್ಟ. "ಸತ್ತಿದ್ದಕ್ಕೆ ಅಲ್ಲ. ಆಟ ಅಂದ್ಮೇಲೆ ಸಾಯ್ತಾರೆ. ಬಿಲ್ಲೆ ತೆಗ್ದೆ, ನಾಲ್ಕು ಬಂತು. ನೀನು ನಕ್ಬುಟ್ಟೆ."

ನಾನು ನಕ್ಕಿದ್ದೆನಾ? ಚಾವಣಿಯ ಒಂದೊಂದು ಕಲ್ಲಿನ ಸಂದಿಯೂ ನೆನಪಿದೆ ನನಗೆ, ನಕ್ಕದ್ದು ನೆನಪಿಲ್ಲ. ಆದರೆ ಅವನ ಮುಖ ನೋಡಿದರೆ ನಕ್ಕಿದ್ದೆ ಅಂತ ಗೊತ್ತಾಗ್ತಿತ್ತು.

"ಆರು ವರ್ಷ ಕಣಪ್ಪ" ಅಂದ. "ಅವನ ಮೂಗು ಕಿವಿ ಎಲ್ಲ ಬಿಡಿಸ್ದೋನು ನೀನು. ರಹಮತ್ ಭಾಯಿ ಕಣ್ಣಲ್ಲಿ ನೀರಿತ್ತು ಅವತ್ತು. ನೀನು ನಗ್ತಿದ್ದೆ."

"ತಪ್ಪಾಯ್ತು ಕಣ್ಲಾ" ಅಂದೆ. ಯಜಮಾನನಾಗಿ ಅಷ್ಟು ವರ್ಷದಲ್ಲಿ ಬಾಯಿಂದ ಬಂದದ್ದನ್ನು ವಾಪಸ್ ತಗೊಂಡವನಲ್ಲ ನಾನು.

ಅವನು ಕೆಳಗಿಟ್ಟ ಲೋಟ ಮತ್ತೆ ಎತ್ತಿಕೊಂಡ. "ಇದೊಂದು ಮಾತಿಗೆ ಬತ್ತೀಯ ಅಂತ ಕಾಯ್ತಿದ್ದೆ ಕಣ್ಲಾ. ಹಿಂದೂಪುರದ ಬಸ್ಸು ನಮ್ಮಂಗ್ಡಿ ಮುಂದೇನೇ ನಿಲ್ಲೋದು. ದಿನಾ ನೋಡ್ತಿದ್ದೆ, ಯಾರಿಳೀತಾರೆ ಅಂತ. ಆಮ್ಯಾಕೆ ಆಟೋದೋರು ಹೇಳಿದ್ರು, ಲಾವಣ್ಯಮ್ಮನ ಮಾವ, ಹಿಂದೂಪುರದ ಡ್ರಾಯಿಂಗ್ ಮೇಷ್ಟ್ರು, ಒಂದು ಸ್ಟಾಪು ಮುಂಚೇನೇ ಇಳ್ಕಂಡು ಆಟೋದಾಗೆ ಸುತ್ಕಂಡೋಯ್ತಾರೆ ಅಂತ."

ನಿಜ. ಇಷ್ಟು ವರ್ಷವೂ ಅಕ್ಕನ ಮನೆಗೆ ನಾನು ಹಾಗೇ ಹೋಗ್ತಿದ್ದದ್ದು. ಮಂದಿಯನ್ನೆಲ್ಲ ಹೆದರುಪುಕ್ಕಲರು ಅಂತ ಆಡಿಕೊಂಡ ಯಜಮಾನ, ಒಂದು ವೈಂಡಿಂಗ್ ಅಂಗಡಿಯ ಮುಂದೆ ಬಸ್ಸಿಳಿಯೋಕೆ ಹೆದರಿದ್ದೆ. ಆ ಬೆಳಿಗ್ಗೆಯೂ, ಅವನ ಜೊತೆ ಆಡೋಕೆ ಅಂತಲೇ ಹೊರಟು ಬಂದವನು, ಒಂದು ಸ್ಟಾಪು ಮುಂಚೆಯೇ ಇಳಿದಿದ್ದೆ. ಅದನ್ನೂ ಅವನಿಗೆ ಹೇಳಿಬಿಟ್ಟೆ. ಓಬಳೇಶ ನನ್ನನ್ನೇ ನೋಡಿದ. ಆಮೇಲೆ ಟೀ ನೆತ್ತಿಗೇರಿ ಕೆಮ್ಮೋವರೆಗೆ ನಕ್ಕ.